ಉದ್ದರಿ ಸಿಮೆಂಟು, ಟೆಂಡರ್ ಮನೆ

ರಾತ್ರಿ ಊಟವಾದ ಮೇಲೆ ಮನೆಯವರು ಧಾರಾವಾಹಿ ಹಾಕಿಕೊಂಡರೆ ನಾನು ಮೊಬೈಲಿನಲ್ಲಿ ಟೆಂಡರ್ ಓದುತ್ತಾ ಕೂರುತ್ತೇನೆ. ನಾನು ಗುತ್ತಿಗೆದಾರನಲ್ಲ, ಇಂಜಿನಿಯರೂ ಅಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಸಿಮೆಂಟು, ಕಂಬಿ, ಬಣ್ಣ ಮಾರುತ್ತಿದ್ದವರ ಮಗ. ಅಂಗಡಿ ಮುಚ್ಚಿ ವರ್ಷಗಳಾದವು, ಯಾವ ಊರಲ್ಲಿ ಏನು ಕಟ್ಟುತ್ತಿದ್ದಾರೆ ಎಂದು ತಿಳಿದುಕೊಳ್ಳುವ ಚಪಲ ಮಾತ್ರ ಹೋಗಿಲ್ಲ. ರಾಜ್ಯ ಸರ್ಕಾರದ ಟೆಂಡರ್ ಜಾಲತಾಣವಾದ ಕೆಪಿಪಿಪಿಯಲ್ಲಿ ಯಾವ ಇಲಾಖೆ ಯಾವ ಕಾಮಗಾರಿ ಕರೆದಿದೆ ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಚರಂಡಿ, ಡಾಂಬರು, ಶಾಲೆಯ ಕಾಂಪೌಂಡು ಎಲ್ಲವನ್ನೂ ದಾಟಿಕೊಂಡು ನನ್ನ ಬೆರಳು ನಿಲ್ಲುವುದು ಬಡವರಿಗೆ ಮನೆ ಕಟ್ಟುವ ಟೆಂಡರುಗಳ ಮೇಲೆ. ಅಲ್ಲಿ ಕಟ್ಟುವವನ ಬಗ್ಗೆ ಕೇಳದ ಪ್ರಶ್ನೆಯಿಲ್ಲ: ವಹಿವಾಟು ಎಷ್ಟು, ಹಿಂದೆ ಇಂಥದ್ದೇ ಕೆಲಸ ಮಾಡಿದ್ದಾನೆಯೇ, ಮಿಕ್ಸರ್ ಸ್ವಂತದ್ದೋ ಬಾಡಿಗೆಯದ್ದೋ, ಟೆಂಡರಿಗೆ ಇಡಬೇಕಾದ ಮುಂಗಡ ಠೇವಣಿ (ಇಎಂಡಿ) ಕಟ್ಟಿದ್ದಾನೋ. ಆ ಮನೆಯೊಳಗೆ ಇರಬೇಕಾದವರು ಮಾತ್ರ ಇಡೀ ಕಡತದಲ್ಲಿ ಒಂದು ಸಂಖ್ಯೆಯಾಗಿ ಬರುತ್ತಾರೆ, ಇಷ್ಟು ಮನೆ ಅಂತ. ವಸೂಲಾಗದ ಸಾಲ, ತೀರದ ಬಾಕಿ ಇದ್ದ ಹಾಗೆ ಇದು ತಲೆಯಲ್ಲಿ ಕೂತುಬಿಟ್ಟಿದೆ.

ಪರ್ಸೆಂಟೇಜಿನ ಕತೆ ನಾನಿಲ್ಲಿ ಹೇಳುವುದಿಲ್ಲ. 2021ರಲ್ಲಿ ಗುತ್ತಿಗೆದಾರರ ಸಂಘ ಕಮಿಷನ್ ಕಾಟದ ಬಗ್ಗೆ ಪ್ರಧಾನಿಗೆ ಪತ್ರ ಬರೆದಾಗಿನಿಂದ ಅದು ಚಹಾದಂಗಡಿಯ ಮಾತಾಗಿದೆ, ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಲಂಚ ಒಂದು ಪೈಸೆಯೂ ಇಲ್ಲದೆ ಟೆಂಡರ್ ನಡೆದರೂ ಈ ಮನೆಗಳು ಯಾಕೆ ಸೋರುತ್ತವೆ ಎಂಬುದು ನನ್ನ ತಲೆಬಿಸಿ.

ನಗದು ಗಿರಾಕಿ, ಉದ್ದರಿ ಗಿರಾಕಿ

ನಮ್ಮ ಅಂಗಡಿಗೆ ಸರ್ಕಾರಿ ಮನೆಯ ಹೆಸರಲ್ಲಿ ಎರಡು ಥರದವರು ಬರುತ್ತಿದ್ದರು. ವಸತಿ ಯೋಜನೆಯಲ್ಲಿ ಗ್ರಾಮಸಭೆಯ ಪಟ್ಟಿಯಲ್ಲಿ ಹೆಸರು ಬಂದು, ತಾವೇ ನಿಂತು ಮನೆ ಕಟ್ಟಿಸಿಕೊಳ್ಳುವ ಫಲಾನುಭವಿಗಳು ಒಂದು ಕಡೆ. ಟೆಂಡರ್ ಹಿಡಿದು ಸಾಲು ಮನೆ ಕಟ್ಟುವ ಕಂಟ್ರಾಕ್ಟರ್‌ಗಳು ಇನ್ನೊಂದು ಕಡೆ. ಅಪ್ಪನಿಗೆ ಎರಡನೆಯವರೇ ಇಷ್ಟ. ವ್ಯಾಪಾರಸ್ಥರಿಗೆ ಯಾರಿಗೆ ತಾನೇ ಆಗಲ್ಲ?

ಮೊದಲನೆಯ ಥರದವರಲ್ಲಿ ಒಬ್ಬಾಕೆ ನನಗೆ ಚೆನ್ನಾಗಿ ನೆನಪಿದ್ದಾರೆ. ಮಾವಿನ ಸೀಸನ್ನು ಮುಗಿದಿತ್ತು. ಮಂಡಿಯಲ್ಲಿ ಕಾಯಿ ಆರಿಸುವ ಕೂಲಿ ಮಾಡಿದ ದುಡ್ಡು, ಪಾಯದ ಫೋಟೊ ತೆಗೆದ ಮೇಲೆ ಬ್ಯಾಂಕಿಗೆ ಬಿದ್ದ ಕಂತು, ಎರಡನ್ನೂ ಒಂದೇ ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಜೊತೆಗೆ ಹೈಸ್ಕೂಲು ಓದುವ ಮಗಳು. ಹತ್ತು ಮೂಟೆ ಸಿಮೆಂಟು ಬೇಕಿತ್ತು. ನಮ್ಮ ಹುಡುಗ ಗೋಡೆ ಬದಿಯ ಸಾಲಿನಿಂದ ಮೂಟೆ ಎಳೆಯುತ್ತಿದ್ದಂತೆ ಆಕೆ ತೆಲುಗಿನಲ್ಲಿ ತಡೆದರು, ಆಮೇಲೆ ಅಪ್ಪನ ಕಡೆ ತಿರುಗಿ ಕನ್ನಡದಲ್ಲಿ, “ಅಣ್ಣಾ, ಆ ಸಾಲು ಬ್ಯಾಡ, ಅದು ಎಂದಿಂದೋ ಏನೋ. ಮಗಾ, ಚೀಲದ ಮ್ಯಾಲೆ ಏನ್ ಬರ್ದವ್ರೆ ಓದು” ಅಂದರು. ಮಗಳು ಬಗ್ಗಿ ವಾರ, ವರ್ಷ ಎರಡನ್ನೂ ಜೋರಾಗಿ ಓದಿದಳು. ಸಿಮೆಂಟಿನ ಚೀಲದ ಮೇಲೆ ತಯಾರಾದ ವಾರ ಅಚ್ಚಾಗಿರುತ್ತದೆ, ಮೂರು ತಿಂಗಳು ದಾಟಿದ್ದನ್ನು ಪರೀಕ್ಷೆ ಮಾಡಿಸದೆ ಬಳಸಬಾರದು ಎಂಬುದು ಆ ತಾಯಿಗೆ ಹೇಗೆ ಗೊತ್ತಿತ್ತೋ ನಾನು ಕೇಳಲಿಲ್ಲ. ಬಹುಶಃ ಅವರ ಮೇಸ್ತ್ರಿ ಹೇಳಿಕೊಟ್ಟಿರಬೇಕು. ಹೊಸ ಸಾಲಿನ ಮೂಟೆಯೇ ಬೇಕೆಂದು ಹಟ ಹಿಡಿದು ತೆಗೆಸಿದರು. ಟೆಂಪೊ ಬಾಡಿಗೆಗೆ ಅರ್ಧ ಗಂಟೆ ಜಗಳ. ಪಕ್ಕದ ಖಾಲಿ ಜಾಗದಲ್ಲಿ ಇಳಿಸಿದ್ದ ಮಾಲೂರು ಇಟ್ಟಿಗೆಯಲ್ಲಿ ಎರಡನ್ನು ಎತ್ತಿ ಒಂದಕ್ಕೊಂದು ಬಡಿದು ಸದ್ದು ಕೇಳಿದರು, “ಇದು ಬೆಂದಿಲ್ಲ” ಎಂದು ಒಂದನ್ನು ಅಲ್ಲೇ ಇಟ್ಟರು. ಕೆಲಸ ಮುಗಿದು ಉಳಿದ ಎರಡು ಮೂಟೆಯನ್ನು ವಾಪಸ್ ತಂದು ದುಡ್ಡು ಕೇಳಿದ್ದೂ ಆಕೆಯೇ. ಅಪ್ಪನಿಗೆ ತಲೆ ಕೆಟ್ಟುಹೋಗಿತ್ತು.

ಕಂಟ್ರಾಕ್ಟರ್ ವ್ಯಾಪಾರ ಫೋನಿನಲ್ಲೇ ಮುಗಿಯುತ್ತಿತ್ತು. “ಶೆಟ್ರೇ, ನಾಳೆ ನೂರು ಮೂಟೆ ಇಳಿಸಿ, ಬಿಲ್ ಆದ ಮೇಲೆ ನೋಡ್ಕೊಳೋಣ.” ಅಷ್ಟೇ. ಬಿಲ್ಲು ಯಾವಾಗ ಆಗುತ್ತದೆ ಎಂದು ಅವನಿಗೂ ಗೊತ್ತಿರುತ್ತಿರಲಿಲ್ಲ. ಎಂ.ಬಿ., ಅಂದರೆ ಅಳತೆ ಪುಸ್ತಕ ಬರೆಯಬೇಕು, ಕಿರಿಯ ಇಂಜಿನಿಯರ್ ಜೆಇ ಸಹಿ, ಅವರ ಮೇಲಿನ ಎಇಇ ಸಹಿ, ಆಮೇಲೆ ಅನುದಾನ ಬಿಡುಗಡೆ. ಯುಗಾದಿಗೆ ಅಂದದ್ದು ದಸರೆಗೆ ಹೋಗುತ್ತಿತ್ತು. ಅಲ್ಲಿಯವರೆಗೆ ಆ ಸರ್ಕಾರಿ ಕಾಮಗಾರಿಗೆ ಬಂಡವಾಳ ಹಾಕಿದವರು ಯಾರು? ನಮ್ಮಂಥ ಅಂಗಡಿಯವರು, ಜಲ್ಲಿ ಕ್ರಷರಿನವರು, ಟ್ಯಾಂಕರಿನವರು. ಬಾಕಿ ಪುಸ್ತಕದಲ್ಲಿ ಅರ್ಧ ಪುಟ ಸರ್ಕಾರದ್ದೇ ಎಂದು ಅಪ್ಪ ನಗುತ್ತಿದ್ದರು.

ಇಲ್ಲಿ ಒಂದು ಸಣ್ಣ ಸತ್ಯವಿದೆ, ವ್ಯಾಪಾರದಲ್ಲಿ ಇದ್ದವರೆಲ್ಲರಿಗೂ ಗೊತ್ತಿರುವಂಥದ್ದು: ಉದ್ದರಿ ಗಿರಾಕಿ ಚೀಲದ ಮೇಲಿನ ವಾರ ಓದುವುದಿಲ್ಲ. ಹಿಂದಿನ ಬಾಕಿ ತೀರಿಸದವನು ಗೋಡೆ ಬದಿಯ ಸಾಲು ಬೇಡ ಎನ್ನಲಾರ. ರೇಟಿನಲ್ಲೂ ಬಡ್ಡಿ ಕೂತಿರುತ್ತದೆ, ಅದನ್ನೂ ಕೇಳಲಾರ. ಹಾಗಾಗಿ ಬೆಂಗಳೂರಿನಲ್ಲಿ ಒಂದು ಕಡತ ಎರಡು ತಿಂಗಳು ಮೇಜಿನ ಮೇಲೆ ಕೂತರೆ, ಅದರ ಪರಿಣಾಮ ಶ್ರೀನಿವಾಸಪುರದ ಯಾವುದೋ ಗೋಡೆಯೊಳಗೆ ಹಳೇ ಸಿಮೆಂಟಾಗಿ ಸೇರಿಕೊಳ್ಳುತ್ತದೆ. ಟೆಂಡರ್ ಸುಧಾರಣೆಯ ಮಾತು ಬಂದಾಗಲೆಲ್ಲ ಲಕೋಟೆ ತೆರೆಯುವ ದಿನದ ಬಗ್ಗೆಯೇ ಚರ್ಚೆ. ಮನೆಯ ಹಣೆಬರಹ ನಿಜಕ್ಕೂ ಬರೆಯುವುದು ಅದಾದ ಮೇಲಿನ ತಿಂಗಳುಗಳಲ್ಲಿ, ದುಡ್ಡು ಹೇಗೆ ಇಳಿಯುತ್ತದೆ, ಲಾರಿ ಬಂದು ನಿಂತಾಗ ಬೇಡ ಎನ್ನುವ ಹಕ್ಕು ಯಾರಿಗಿದೆ ಎಂಬುದರ ಮೇಲೆ.

ಇದು ದೆಹಲಿಗೆ ಗೊತ್ತಿಲ್ಲದ್ದೇನೂ ಅಲ್ಲ. 2021ರ ಅಕ್ಟೋಬರಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಹೊರಡಿಸಿದ ಸರ್ಕಾರಿ ಖರೀದಿ, ಕಾಮಗಾರಿಗಳ ಸೂಚನೆಗಳಲ್ಲಿ, ಗುತ್ತಿಗೆದಾರ ಚಾಲ್ತಿ ಬಿಲ್ಲು (ಕೆಲಸ ನಡೆಯುತ್ತಿರುವಾಗಲೇ ಹಾಕುವ ಬಿಲ್ಲು) ಕೊಟ್ಟ 10 ಕೆಲಸದ ದಿನಗಳೊಳಗೆ ಅರ್ಹ ಮೊತ್ತದ ಕನಿಷ್ಠ ಶೇ 75ನ್ನು ಪಾವತಿಸಬೇಕು, ಉಳಿದದ್ದನ್ನು ಪರಿಶೀಲನೆಯ ನಂತರ ಕೊಡಬಹುದು ಎಂದಿದೆ. ಆದರೆ ಅದು ಕೇಂದ್ರದ ಇಲಾಖೆಗಳಿಗೆ. ನಮ್ಮಲ್ಲಿ ಮನೆ ಕಟ್ಟಿಸುವ ಮಂಡಳಿ, ನಿಗಮಗಳು ಇದೊಂದು ಸಾಲನ್ನು ನಿಜವಾಗಿ ಪಾಲಿಸಿದರೂ ಸಾಕು, ಅರ್ಧ ಜಿಲ್ಲೆಯ ಹಾರ್ಡ್‌ವೇರ್ ಅಂಗಡಿಗಳ ಬಾಕಿ ಪುಸ್ತಕ ತೆಳ್ಳಗಾಗುತ್ತದೆ.

ಹಾಗಂತ ತಾವೇ ಕಟ್ಟಿಸಿಕೊಳ್ಳುವವರ ಪಾಡು ಸಲೀಸು ಎಂದು ತಿಳಿಯಬೇಡಿ. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣದ ಸಹಾಯಧನ ಬಯಲು ಸೀಮೆಗೆ 1.20 ಲಕ್ಷ ಎಂದು 2016ರಲ್ಲಿ ನಿಗದಿಯಾದದ್ದು ಅಲ್ಲೇ ನಿಂತಿದೆ, ಕಂಬಿಯ ರೇಟು ನಿಂತಿಲ್ಲ. ಲಿಂಟಲ್‌ವರೆಗೆ ಬಂದು ಹುಲ್ಲು ಬೆಳೆದಿರುವ ಗೋಡೆಗಳು ಪ್ರತಿ ಊರಲ್ಲೂ ಇವೆ. ಆದರೂ ನಿಂತಿರುವಷ್ಟು ಗೋಡೆ ಗಟ್ಟಿ.

ಬಿಲೋ

ರಾಜ್ಯದ ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆಯನ್ನು, ಅಂದರೆ 1999ರ ಕೆಟಿಪಿಪಿಯನ್ನು, ಬೈಯುವುದು ಈಗ ಫ್ಯಾಷನ್ನು. ನಾನು ಬೈಯುವುದಿಲ್ಲ. ಟೆಂಡರ್ ಪೆಟ್ಟಿಗೆಯ ಮುಂದೆ ಹುಡುಗರನ್ನು ನಿಲ್ಲಿಸಿ ಬೇರೆಯವರು ಲಕೋಟೆ ಹಾಕದ ಹಾಗೆ ತಡೆಯುತ್ತಿದ್ದ ಕಾಲದ ಕತೆಗಳನ್ನು ಅಪ್ಪನ ಸ್ನೇಹಿತರ ಬಾಯಲ್ಲಿ ಕೇಳಿ ಬೆಳೆದವನು ನಾನು. ಇ-ಟೆಂಡರ್ ಬಂದು ಆ ಹುಡುಗರ ಕೆಲಸ ಹೋಯಿತು, ಒಳ್ಳೆಯದಾಯಿತು. ಕಾಯ್ದೆಯ 4(ಜಿ) ವಿನಾಯಿತಿಯಲ್ಲಿ ಟೆಂಡರೇ ಇಲ್ಲದೆ ಸರ್ಕಾರಿ ಸಂಸ್ಥೆಗಳಿಗೆ ಕೆಲಸ ಕೊಡುವುದಿದೆ, ಅದರ ಬಗ್ಗೆ ಬೇರೆಯೇ ಬರೆಯಬೇಕು. ಹಾಗೆ ಕೆಲಸ ಪಡೆಯುವ ಸಂಸ್ಥೆಗಳಲ್ಲೊಂದಾದ ನಿರ್ಮಿತಿ ಕೇಂದ್ರದ ಕಲ್ಪನೆ 1980ರ ದಶಕದಲ್ಲಿ ಕೇರಳದ ಕೊಲ್ಲಂನಲ್ಲಿ ಹುಟ್ಟಿದ್ದು ಕಡಿಮೆ ಖರ್ಚಿನ ಮನೆ ಕಟ್ಟುವ ವಿದ್ಯೆಯನ್ನು ಮೇಸ್ತ್ರಿಗಳಿಗೆ ಕಲಿಸಲಿಕ್ಕೆ. ಈಗ ನಮ್ಮಲ್ಲಿ ಅದರ ಹೆಸರು ಕೇಳಿದರೆ ಜನರಿಗೆ ನೆನಪಾಗುವುದು ಟೆಂಡರ್ ಇಲ್ಲದ ಕಾಮಗಾರಿ.

ಕಾಯ್ದೆ ಕೇಳುವುದು ಅರ್ಹರಲ್ಲಿ ಕಡಿಮೆ ಕೂಗಿದವರು ಯಾರು ಎಂದು. ಗುತ್ತಿಗೆದಾರರು ಅದನ್ನು “ಬಿಲೋ ಹಾಕೋದು” ಅನ್ನುತ್ತಾರೆ. ಅಂದಾಜಿಗಿಂತ ಹತ್ತು ಪರ್ಸೆಂಟ್ ಬಿಲೋ, ಇಪ್ಪತ್ತು ಪರ್ಸೆಂಟ್ ಬಿಲೋ. ತೀರಾ ಕಡಿಮೆಯಾದರೆ ಹೆಚ್ಚುವರಿ ಭದ್ರತಾ ಠೇವಣಿ ಕೇಳುವ ಕಲಂ ಇದೆ. ಅದು ಇಲಾಖೆಯ ದುಡ್ಡನ್ನು ಕಾಯುತ್ತದೆ, ಗೋಡೆಯನ್ನಲ್ಲ. ಬಿಲೋ ಹಾಕಿದವನು ಎಲ್ಲಿ ಉಳಿಸುತ್ತಾನೆ? ಕಂಬಿ ಕಡಿಮೆ ಹಾಕಿದರೆ ಮೋಲ್ಡ್ (ಛಾವಣಿಯ ಕಾಂಕ್ರೀಟು) ಹಾಕುವ ಮೊದಲು ಜೆಇ ಎಣಿಸಬಹುದು. ಸಿಮೆಂಟು ಕಡಿಮೆಯಾದರೆ ಕಾಂಕ್ರೀಟಿನ ತುಂಡನ್ನು ಒತ್ತಿ ನೋಡುವ ಕ್ಯೂಬ್ ಟೆಸ್ಟಿನಲ್ಲಿ ಗೊತ್ತಾದರೂ ಆಗಬಹುದು. ಯಾರೂ ಅಳೆಯದ ಒಂದು ವಸ್ತುವಿದೆ: ನೀರು.

ಕಾಂಕ್ರೀಟು ಹಾಕಿದ ಮೇಲೆ ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿ ಆದರೆ 10 ದಿನ ಒದ್ದೆಯಾಗಿಡಬೇಕು, ಒಣ ಬಿಸಿಲಿದ್ದರೆ ಇನ್ನೂ ಹೆಚ್ಚು ಎಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಮನೆ ಕಟ್ಟುವವರು ಈಗ ಒಯ್ಯುವುದು ಹೆಚ್ಚಾಗಿ ಪಿಪಿಸಿಯನ್ನೇ. ನಮ್ಮ ಜಿಲ್ಲೆಯಲ್ಲಿ ಒಣ ಬಿಸಿಲು ಇಲ್ಲದ ತಿಂಗಳು ಯಾವುದು? ಹೀಗೆ ಒದ್ದೆಯಾಗಿಡುವುದೇ ಕ್ಯೂರಿಂಗ್, ಬೋರು ಸಾವಿರ ಅಡಿ ದಾಟಿದ ಊರುಗಳಲ್ಲಿ ಅದೆಂದರೆ ಟ್ಯಾಂಕರ್ ದುಡ್ಡು. ಎಸ್ಟಿಮೇಟಿನಲ್ಲಿ ನೋಡಿದರೆ ಕ್ಯೂರಿಂಗಿಗೆ ಬೇರೆ ಸಾಲೇ ಇರುವುದಿಲ್ಲ. ಕಾಂಕ್ರೀಟಿನ ಘನ ಮೀಟರ್ ದರದ ವಿವರಣೆಯ ಬಾಲದಲ್ಲಿ “ಕ್ಯೂರಿಂಗ್ ಇತ್ಯಾದಿ ಸೇರಿ ಪೂರ್ಣ” ಎಂದಿರುತ್ತದೆ. ಎಂ.ಬಿ.ಯಲ್ಲಿ ಉದ್ದ, ಅಗಲ, ದಪ್ಪ ಬರೆಯಲು ಅಂಕಣ ಇದೆ, ನೀರು ಹೊಡೆದ ದಿನಗಳಿಗೆ ಇಲ್ಲ. ಅಳತೆ ಇಲ್ಲದ್ದು ಬಿಲೋ ಹಾಕಿದವನ ಪಾಲಿಗೆ ಉಳಿತಾಯ. ಎರಡು ದಿನ ನೀರು ಹೊಡೆದು ಮೂರನೆಯ ದಿನ ಟ್ಯಾಂಕರ್ ಬಿಟ್ಟರೆ ಯಾವ ತಪಾಸಣೆಯಲ್ಲೂ ಅದು ಕಾಣುವುದಿಲ್ಲ. ಕಾಣುವುದು ಆಮೇಲೆ, ಮಳೆಗಾಲದಲ್ಲಿ.

ಕಂತಿನ ಮನೆಯ, ಅಂದರೆ ಸಹಾಯಧನದಲ್ಲಿ ತಾವೇ ಕಟ್ಟಿಸಿಕೊಳ್ಳುವ ಮನೆಯ ಹೆಂಗಸರು ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಬೆಳಿಗ್ಗೆ ಕೂಲಿಗೆ ಹೋಗುವ ಮೊದಲು ಒಂದು ಸಲ, ಸಂಜೆ ಬಂದ ಮೇಲೆ ಒಂದು ಸಲ ಬಿಂದಿಗೆಯಲ್ಲಿ ಹೊತ್ತು ಸುರಿಯುತ್ತಾರೆ, ಮೋಲ್ಡಿನ ಮೇಲೆ ಗೋಣಿಚೀಲ, ಒಣಹುಲ್ಲು ಹಾಸಿ ನೆನೆಸುತ್ತಾರೆ. ಎಸ್ಟಿಮೇಟಿನಲ್ಲಿ ಈ ಕೂಲಿಗೆ ಬೆಲೆಯಿಲ್ಲ, ಆದ್ದರಿಂದಲೇ ಟೆಂಡರಿನಲ್ಲಿ ಇದನ್ನು ಕೊಂಡುಕೊಳ್ಳಲೂ ನಮಗೆ ಬರುವುದಿಲ್ಲ.

ಗುಣಮಟ್ಟಕ್ಕೂ ಅಂಕ ಕೊಟ್ಟು ಟೆಂಡರ್ ಆರಿಸಿ ಎನ್ನುವವರಿದ್ದಾರೆ. ಅದೇ 2021ರ ಕೇಂದ್ರದ ಸೂಚನೆಯಲ್ಲಿ ಕಾಮಗಾರಿಗಳಿಗೂ ಅದಕ್ಕೆ ದಾರಿ ಮಾಡಿಕೊಟ್ಟಿದ್ದಾರೆ, ದರವಲ್ಲದ ಅಂಶಗಳಿಗೆ ಶೇ 30ರ ಮಿತಿಯೊಳಗೆ. ಮನೆಗಳ ವಿಷಯದಲ್ಲಿ ನನಗೆ ಅದರ ಮೇಲೆ ಭರವಸೆ ಕಡಿಮೆ. ಅಂಕ ಹಾಕುವವರು ಮೊದಲೇ ಇದ್ದವರೇ. ಕಾಗದದ ಮೇಲಿನ ಅನುಭವಕ್ಕೆ ಅಂಕ ಬೀಳುತ್ತದೆ, ಕೆಲಸ ಮಾಡುವವನು ಸಬ್ ಕಾಂಟ್ರಾಕ್ಟು ಹಿಡಿದ ಇನ್ಯಾರೋ.

ಇನ್ನೂರೈವತ್ತರ ಲೆಕ್ಕ

ಕೆಲವು ವರ್ಷಗಳ ಹಿಂದೆ ಪರಿಚಯದವರೊಬ್ಬರನ್ನು ನೋಡಲು ಪಟ್ಟಣದ ಹೊರಗಿನ ಒಂದು ವಸತಿ ಸಮುಚ್ಚಯಕ್ಕೆ ಹೋಗಿದ್ದೆ. ಊರು, ಕಟ್ಟಿಸಿದ ಸಂಸ್ಥೆ ಯಾವುದು ಎಂದು ಬರೆಯುವುದಿಲ್ಲ, ಬರೆದರೆ ಅದೊಂದೇ ಹಾಗೆ ಎಂಬಂತಾಗುತ್ತದೆ. ಮೂರು ಅಂತಸ್ತಿನ ಬ್ಲಾಕುಗಳು, ಮೇಲಿನ ಮಹಡಿಯ ಮನೆ. ಹಿಂದಿನ ರಾತ್ರಿ ಜೋರು ಮಳೆ. ಅಡುಗೆಮನೆಯ ಮೂಲೆಯಲ್ಲಿ ಟಬ್ಬು, ಹಾಲಿನಲ್ಲಿ ಪಾತ್ರೆ, ಮಂಚ ನಡುಮನೆಗೆ ಬಂದಿತ್ತು. ಮನೆಯಾಕೆ ಬೇಸರವನ್ನೂ ತೋರಿಸದೆ ಕಾಫಿ ಕೊಟ್ಟು, ಬೀರುವಿನಿಂದ ಒಂದು ಪ್ಲಾಸ್ಟಿಕ್ ಫೈಲು ತಂದರು. ಅರ್ಜಿಗಳು. ನಗರಸಭೆಗೆ, ಕಟ್ಟಿಸಿದ ಸಂಸ್ಥೆಗೆ, ಜಿಲ್ಲಾಧಿಕಾರಿಗಳ ಜನಸ್ಪಂದನಕ್ಕೆ, ಎಂಎಲ್‌ಎ ಕಚೇರಿಗೆ. ಪ್ರತಿಯೊಂದರ ಮೇಲೂ ಸ್ವೀಕೃತಿಯ ಮೊಹರು. “ಎಲ್ಲಾರೂ ಅವರ ಹತ್ರ ಹೋಗಿ ಅಂತಾರೆ ಅಣ್ಣ. ಆ ‘ಅವರು’ ಯಾರು ಅಂತ ಮಾತ್ರ ಯಾರೂ ಹೇಳಲ್ಲ.”

ಕೊನೆಗೆ ಒಂದು ಉತ್ತರ ಬಂದಿತ್ತು: ದೋಷ ಹೊಣೆಗಾರಿಕೆಯ ಅವಧಿ ಮುಗಿದಿರುವುದರಿಂದ ಗುತ್ತಿಗೆದಾರರಿಂದ ದುರಸ್ತಿ ಮಾಡಿಸಲು ಅವಕಾಶವಿರುವುದಿಲ್ಲ. ನಾನು ದಿನಾಂಕಗಳನ್ನು ಕೂಡಿಸಿ ನೋಡಿದೆ. ಆ ಅವಧಿ ಎಣಿಸಲು ಶುರುವಾದದ್ದು ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರದ ದಿನದಿಂದ. ಆಮೇಲೆ ಕರೆಂಟ್ ಸಂಪರ್ಕ ಬಂದಿರಲಿಲ್ಲ, ಒಳಚರಂಡಿ (ಯುಜಿಡಿ) ಆಗಿರಲಿಲ್ಲ, ಫಲಾನುಭವಿಗಳ ಪಟ್ಟಿಯ ಮೇಲೆ ತಕರಾರಿತ್ತು. ಮನೆಗಳು ಬೀಗ ಹಾಕಿಕೊಂಡು ಕಾದಿದ್ದವು. ಬೀಗದ ಕೈ ಸಿಗುವ ಹೊತ್ತಿಗೆ ಗುತ್ತಿಗೆದಾರನ ಹೊಣೆ ಮುಗಿಯುತ್ತಾ ಬಂದಿತ್ತು, ಠೇವಣಿ ವಾಪಸಾಗಿತ್ತು. ಖಾಲಿ ಮನೆಯಲ್ಲಿ ಸೋರಿದ್ದನ್ನು ನೋಡುವವರು ಯಾರೂ ಇರಲಿಲ್ಲ. ಮೋಸ ಮಾಡಿದ ಒಬ್ಬನನ್ನು ಹುಡುಕಿದರೆ ಸಿಗುವುದಿಲ್ಲ. ಎಲ್ಲರೂ ಕರಾರಿನಂತೆಯೇ ನಡೆದುಕೊಂಡಿದ್ದರು.

ಆಕೆ ಫಲಾನುಭವಿ ವಂತಿಕೆ ಕಟ್ಟಿದ್ದರು, ಸಾಲ ಮಾಡಿ. ದುಡ್ಡು ಕೊಟ್ಟವರಾದರೂ ಕರಾರಿನಲ್ಲಿ ಆಕೆ ಪಕ್ಷಗಾರರಲ್ಲ. ಕೊಂಡವರು ಇಲಾಖೆ, ಮಾರಿದವನು ಗುತ್ತಿಗೆದಾರ, ಇರುವವರು ಮೂರನೆಯವರು. ಶ್ರೀನಿವಾಸಪುರದ ನಮ್ಮ ಕೌಂಟರಿನಲ್ಲಿ ಇಟ್ಟಿಗೆ ಬಡಿದು ನೋಡಿದ ಆ ತಾಯಿಯಲ್ಲಿ ಈ ಮೂವರಲ್ಲಿ ಇಬ್ಬರು ಸೇರಿಕೊಂಡಿದ್ದರು, ವ್ಯತ್ಯಾಸ ಅಷ್ಟೇ.

ಇಷ್ಟು ದೊಡ್ಡ ಸಮುಚ್ಚಯಗಳು ಊರ ಹೊರಗೆ ಯಾಕೆ ಏಳುತ್ತವೆ ಎಂಬುದಕ್ಕೂ ಯೋಜನೆಯ ಪುಸ್ತಕದಲ್ಲೇ ಕಾರಣಗಳಿವೆ. 2015ರ ನಗರ ಆವಾಸ್ ಯೋಜನೆಯಲ್ಲಿ, ಪಾಲುದಾರಿಕೆಯ ಕೈಗೆಟುಕುವ ವಸತಿ ಎಂಬ ಭಾಗಕ್ಕೆ ಕೇಂದ್ರದ ಸಹಾಯ ಮನೆಗೆ 1.5 ಲಕ್ಷ ಸಿಗಬೇಕಾದರೆ ಒಂದೇ ಯೋಜನೆಯಲ್ಲಿ ಕನಿಷ್ಠ 250 ಮನೆ ಇರಬೇಕಿತ್ತು. ಬೆಂಗಳೂರಿಗೆ ಅದು ಒಂದು ರಸ್ತೆಯ ಮಾತು. ನಮ್ಮ ಕಡೆಯ ಪುರಸಭೆ ಊರಿಗೆ ಹೊಸ ಬಡಾವಣೆಯ ಮಾತು. ಅಷ್ಟು ಜಾಗ ಊರೊಳಗೆ ಇಲ್ಲ, ಹಾಗಾಗಿ ಗೋಮಾಳದ ಕಡೆಗೆ ಹೋಗಬೇಕು. ಅಷ್ಟು ಮನೆಯ ಪ್ಯಾಕೇಜಿನ ವಹಿವಾಟಿನ ಷರತ್ತು ತುಂಬುವ ಗುತ್ತಿಗೆದಾರ ತಾಲ್ಲೂಕಿನಲ್ಲಿ ಇಲ್ಲ, ಹಾಗಾಗಿ ದೂರದವನು ಬರುತ್ತಾನೆ. ಅವನು ಕೆಲಸವನ್ನು ಇಲ್ಲಿನವರಿಗೇ ಪೀಸ್ ವರ್ಕಿಗೆ ಕೊಡುತ್ತಾನೆ, ತನ್ನ ಪಾಲು ಇಟ್ಟುಕೊಂಡು. ಹತ್ತಿಪ್ಪತ್ತು ಮನೆಗಳ ತುಂಡುಗಳಾಗಿ ಕರೆದಿದ್ದರೆ ಅದೇ ಸ್ಥಳೀಯ ಮೇಸ್ತ್ರಿ ನೇರವಾಗಿ ಬರುತ್ತಿದ್ದ, ಸಂತೆಯಲ್ಲಿ ಎದುರಾದಾಗ ಆಕೆ ಅವನ ಕೊರಳಪಟ್ಟಿಯಾದರೂ ಹಿಡಿಯಬಹುದಿತ್ತು.

ದೂರದ ಒಂದು ಗೋಪುರ

ಬಡವರ ಮನೆ, ಕಡಿಮೆ ದರ ಎಂದಾಗ ನನಗೆ ಲಂಡನ್ನಿನ ಗ್ರೆನ್‌ಫೆಲ್ ಟವರ್ ನೆನಪಾಗದೆ ಇರುವುದಿಲ್ಲ. 24 ಅಂತಸ್ತಿನ ಸಾರ್ವಜನಿಕ ವಸತಿ. ನವೀಕರಣದ ಸಮಯದಲ್ಲಿ ಹೊರಗೋಡೆಗೆ ಸತುವಿನ ಹೊದಿಕೆ ಹಾಕುವ ಯೋಚನೆ ಬಿಟ್ಟು, ನಡುವೆ ಪಾಲಿಎಥಿಲೀನ್ ಇರುವ ಅಲ್ಯೂಮಿನಿಯಂ ಹಾಳೆಗೆ ಬದಲಾಯಿಸಿದರು. ಸುಮಾರು 2.93 ಲಕ್ಷ ಪೌಂಡ್ ಉಳಿಯಿತು. 2017ರ ಜೂನ್ 14ರ ಬೆಂಕಿಯಲ್ಲಿ 72 ಜನ ಸತ್ತರು. ದರ ಕಡಿಮೆ ಮಾಡಿದ್ದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು ಸಂಗತಿ: ಇಲ್ಲೊಂದು ದೊಡ್ಡ ಅನಾಹುತ ಆಗುವವರೆಗೆ ಯಾರೂ ಕಿವಿಗೊಡುವುದಿಲ್ಲ ಎಂಬರ್ಥದಲ್ಲಿ ಅಲ್ಲಿನ ನಿವಾಸಿಗಳ ಗುಂಪು 2016ರ ನವೆಂಬರಿನಲ್ಲೇ ತಮ್ಮ ಬ್ಲಾಗಿನಲ್ಲಿ ಬರೆದಿತ್ತು. ಇಂಗ್ಲಿಷ್ ಬಲ್ಲವರು, ಸರ್ಕಾರದ ಬಾಗಿಲಲ್ಲೇ ಇದ್ದವರು. ಅವರ ಮಾತೇ ಹೋಗಲಿಲ್ಲ.

ತಡವಾಗಿಯಾದರೂ ಅಲ್ಲಿ ಕಾನೂನು ಬದಲಾಗಿದೆ. ಮನೆಯ ಗೋಡೆಯ ಬೂಷ್ಟಿನಿಂದ 2020ರಲ್ಲಿ ತೀರಿಕೊಂಡ ಎರಡು ವರ್ಷದ ಮಗುವಿನ ಹೆಸರಲ್ಲಿ ಬಂದ ಅವಾಬ್ ಕಾನೂನು 2025ರ ಅಕ್ಟೋಬರಿನಿಂದ ಜಾರಿಗೆ ಬಂತು: ತುರ್ತು ಅಪಾಯವಾದರೆ ಸಾಮಾಜಿಕ ವಸತಿಯ ಮಾಲೀಕ ಸಂಸ್ಥೆ 24 ಗಂಟೆಯೊಳಗೆ ಬರಬೇಕು, ಗಂಭೀರ ತೇವ, ಬೂಷ್ಟಿನ ದೂರಾದರೆ 10 ಕೆಲಸದ ದಿನಗಳೊಳಗೆ ತನಿಖೆಯಾಗಬೇಕು. ಸೋರುವ ಮನೆಯ ಆ ಹೆಂಗಸಿನ ಪ್ಲಾಸ್ಟಿಕ್ ಫೈಲನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಸಹಿ ಯಾರದ್ದು

ಹೊಸ ಕಾಯ್ದೆಯೇನೂ ಬೇಕಾಗಿಲ್ಲ ಎಂಬುದು ನನ್ನ ಅನಿಸಿಕೆ. ಹೊಣೆಗಾರಿಕೆಯ ಅವಧಿ ಪೂರ್ಣಗೊಂಡ ಪ್ರಮಾಣಪತ್ರದಿಂದಲ್ಲ, ಬೀಗದ ಕೈ ಕೊಟ್ಟ ದಿನದಿಂದ ಶುರುವಾಗಲಿ, ಅದರೊಳಗೆ ಒಂದು ಪೂರ್ತಿ ಮಳೆಗಾಲವಾದರೂ ಇರಲಿ. ಹಸ್ತಾಂತರ ತಡವಾದರೆ ಅದು ಇಲಾಖೆಯ ತಪ್ಪೇ ಹೊರತು ಗುತ್ತಿಗೆದಾರನದ್ದಲ್ಲ, ಆದ್ದರಿಂದ ಆ ಕಾಯುವಿಕೆಗೆ ಅವನಿಗೂ ಒಂದಿಷ್ಟು ದುಡ್ಡು ಕೊಡಬೇಕಾಗುತ್ತದೆ, ಕೊಡಲಿ. ಕ್ಯೂರಿಂಗನ್ನು ಬಾಲದಿಂದ ಬಿಡಿಸಿ ಬೇರೆ ಐಟಂ ಮಾಡಲಿ, ದಿನದ ಲೆಕ್ಕದಲ್ಲಿ. ಕಂತಿನ ಮನೆಗೆ ಪ್ರತಿ ಹಂತದಲ್ಲೂ ಜಿಪಿಎಸ್ ಫೋಟೊ ಕೇಳುವ ವ್ಯವಸ್ಥೆಗೆ ಒದ್ದೆ ಮೋಲ್ಡಿನ ಫೋಟೊ ದಿನಕ್ಕೊಂದು ಕೇಳುವುದು ಕಷ್ಟವೇ? ಫಲಾನುಭವಿಗಳ ಪಟ್ಟಿಯನ್ನು ಮನೆ ಮುಗಿದ ಮೇಲೆ ಮಾಡುವ ಬದಲು ಪಾಯಕ್ಕೆ ಮೊದಲೇ ಮಾಡಿದರೆ, ನೀರು ಹೊಡೆದದ್ದನ್ನು ನೋಡಲು ಕಣ್ಣುಗಳೂ ಸಿಗುತ್ತವೆ. ತಾನು ಇರಬೇಕಾದ ಮನೆ ಇದೇ ಎಂದು ಗೊತ್ತಾದ ದಿನ ಆ ಹೆಂಗಸರು ವಾರಕ್ಕೊಮ್ಮೆಯಾದರೂ ಸೈಟಿಗೆ ಹೋಗದೆ ಇರುವುದಿಲ್ಲ. ಠೇವಣಿಯ ಕೊನೆಯ ಭಾಗ ಬಿಡುಗಡೆಯಾಗಲು ಜೆಇ ಸಹಿಯ ಪಕ್ಕದಲ್ಲಿ ಆ ಬ್ಲಾಕಿನವರ ಸಹಿಯೂ ಬೇಕು ಎನ್ನಲಿ.

ಈಗಲೇ ಕೈಯಲ್ಲಿರುವ ಒಂದು ಅಸ್ತ್ರವನ್ನು ಯಾರೂ ಎತ್ತುವುದಿಲ್ಲ ಎಂಬುದೂ ನನಗೆ ಆಶ್ಚರ್ಯ. ಮಾಹಿತಿ ಹಕ್ಕು ಎಂದರೆ ಕಾಗದ ಕೇಳುವುದು ಎಂದು ನಾವು ತಿಳಿದಿದ್ದೇವೆ. 2005ರ ಕಾಯ್ದೆಯ 2(ಜೆ) ಕಲಂ ಪ್ರಕಾರ ಕಾಮಗಾರಿಯನ್ನು ಪರಿವೀಕ್ಷಿಸುವುದು, ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವುದೂ ಹಕ್ಕೇ. ಅಂದರೆ ಬಳಸುತ್ತಿರುವ ಸಿಮೆಂಟಿನ, ಬ್ಲಾಕಿನ ಮಾದರಿಯನ್ನು ಹತ್ತು ರೂಪಾಯಿಯ ಅರ್ಜಿ ಹಾಕಿ ಕೇಳಬಹುದು. ಉತ್ತರಕ್ಕೆ 30 ದಿನ ಹಿಡಿಯುತ್ತದೆ, ಅಷ್ಟರಲ್ಲಿ ಆ ಲೋಡು ಗೋಡೆ ಸೇರಿರುತ್ತದೆ ನಿಜ. ಮುಂದಿನ ಲೋಡು ತರುವವನು ಚೀಲದ ಮೇಲಿನ ವಾರ ನೋಡಿ ತರುತ್ತಾನೆ.

ಇದನ್ನೆಲ್ಲ ಹಳೆಯ ಗಿರಾಕಿಯೊಬ್ಬರ ಮುಂದೆ ಹೇಳಿದೆ, ಕ್ಲಾಸ್ ಒನ್ ಗುತ್ತಿಗೆದಾರರು, ಅಪ್ಪನ ಬಾಕಿಯನ್ನು ಪೂರ್ತಿ ತೀರಿಸಿದ ಕೆಲವೇ ಜನರಲ್ಲಿ ಒಬ್ಬರು. ಅವರು ನಕ್ಕರು. “ನಿಮ್ಮಪ್ಪ ವ್ಯಾಪಾರ ಮಾಡಿದ್ದು ಯಾರ ಹತ್ರ ಕಣಯ್ಯಾ? ಈಗ ನಾಲ್ಕು ಸಹಿಗೆ ನಾಲ್ಕು ರೇಟು. ನೀನು ಹೇಳಿದ ಹಾಗೆ ಮಾಡಿದ್ರೆ ಐದನೇದು ಬ್ಲಾಕ್ ಲೀಡರ್‌ದು. ಅವನೂ ಮನುಷ್ಯನೇ ಅಲ್ವಾ?” ಮಾತು ಸುಳ್ಳಲ್ಲ. ಒಬ್ಬ ಲೀಡರ್ ಎಂದು ಮಾಡಿದರೆ ಖಂಡಿತ ಹಾಗೇ ಆಗುತ್ತದೆ. ಹಾಗಾಗಿ ಸಹಿ ಲೀಡರಿನದ್ದಾಗಬಾರದು, ಮನೆಮನೆಯದ್ದಾಗಬೇಕು, ತನ್ನ ಮನೆಯ ಮಟ್ಟಿಗೆ ಮಾತ್ರ: ಸೋರುತ್ತದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಬಾಗಿಲು ಹಾಕಿಕೊಳ್ಳುತ್ತದೆಯೇ ಎಂಬಷ್ಟಕ್ಕೆ. ನಿಗದಿಯಾದ ದಿನದೊಳಗೆ ದೂರು ಕೊಡದ ಮನೆಯ ದುಡ್ಡು ತಾನಾಗಿ ಬಿಡುಗಡೆಯಾಗಲಿ, ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಿಲ್ಲ. 250 ಮನೆಗಳ 250 ಹೆಂಗಸರನ್ನು ಕೊಂಡುಕೊಳ್ಳುವುದಕ್ಕಿಂತ ಎರಡು ಕೋಟು ವಾಟರ್‌ಪ್ರೂಫಿಂಗ್ ಹೊಡೆಸುವುದೇ ಅಗ್ಗ ಎಂದೆ. ಅವರು ಲೆಕ್ಕ ಹಾಕುವವರಂತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಿಲ್ ಹತ್ತು ದಿನಕ್ಕೆ ಕೊಡ್ತಾರಾ ಹೇಳು, ನಾನೇ ಬಂದು ಒಬ್ಬೊಬ್ಬರ ಹತ್ರ ಸಹಿ ಹಾಕಿಸ್ಕೊಂಡು ಹೋಗ್ತೀನಿ” ಅಂದರು.